ಮುದಿ ಪೈನ್ ಮರದ ಬಡಗಿ

ಊರಿನ ಹಳೆಯ ಮನೆಗೆ ರಜೆಯಲ್ಲಿ ಹೋದಾಗ ಅಜ್ಜನೋ ಅಜ್ಜಿಯೋ ಬಾಗಿಲ ಚೌಕಟ್ಟನ್ನೋ ಅಟ್ಟದ ತೊಲೆಯನ್ನೋ ಬೆರಳಿನಿಂದ ತಟ್ಟಿ, “ಕುಟ್ಟೆ ಹಿಡಿದಿದೆ ಕಣೋ, ಇನ್ನು ಹೆಚ್ಚು ದಿನ ಬಾಳೋದಿಲ್ಲ” ಎಂದದ್ದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಮರದ ಮೈಮೇಲೆ ಸಾಸಿವೆ ಗಾತ್ರದ ತೂತು, ಅದರ ಕೆಳಗೆ ನೆಲದ ಮೇಲೆ ರವೆಯಂಥ ಹುಡಿ. ಒಳಗೆ ಯಾರೋ ಕುಳಿತು ಮರವನ್ನು ತಿನ್ನುತ್ತಿದ್ದಾರೆ ಎಂಬುದಕ್ಕೆ ಅಷ್ಟೇ ಸಾಕ್ಷಿ. ನಗರದಲ್ಲಿ ಪ್ಲೈವುಡ್ ಮತ್ತು ಅಲ್ಯೂಮಿನಿಯಂ ನಡುವೆ ಬೆಳೆದ ನಿಮಗೆ ‘ಕುಟ್ಟೆ’ ಎಂಬ ಮಾತೇ ಹೊಸದಾಗಿದ್ದರೂ ಆಶ್ಚರ್ಯವಿಲ್ಲ.

ಈ ಕುಟ್ಟೆಯ ಹುಳುವಿಗೆ ದೂರದ ದೊಡ್ಡಪ್ಪನೊಬ್ಬನಿದ್ದಾನೆ. ಮೈಯ ಉದ್ದ ಸುಮಾರು ಎರಡು ಅಂಗುಲ. ಮುಖದ ಮೇಲೆ ಮೈಯಷ್ಟೇ ಉದ್ದದ ಮೀಸೆ. ಹಗಲೆಲ್ಲ ಅಡಗಿ, ಕತ್ತಲಾದ ಮೇಲೆ ಹೊರಬರುವ ಸ್ವಭಾವ. ಹುಟ್ಟುವುದು, ಬೆಳೆಯುವುದು ಎಲ್ಲವೂ ಸತ್ತ ಪೈನ್ ಮರದ ಒಳಗೆ. ಜಗತ್ತಿನಾದ್ಯಂತ ಇಂದು ಮರ ಕೊಯ್ಯುವ ಯಂತ್ರಗಳ ಸರಪಳಿಗೂ ಈತನ ವಂಶಕ್ಕೂ ಒಂದು ನಂಟಿದೆ ಎಂದರೆ ನಂಬುತ್ತೀರಾ? ಬನ್ನಿ, ಪರಿಚಯ ಮಾಡಿಕೊಳ್ಳೋಣ.

ಹೆಸರಿನಲ್ಲೇ ಕಾಯಕ

ದುಂಬಿಗಳಲ್ಲಿ ಉದ್ದ ಕುಡಿಮೀಸೆಯವರದೇ ಒಂದು ದೊಡ್ಡ ಕುಟುಂಬ. ವಿಜ್ಞಾನಿಗಳು ಇದನ್ನು ‘ಸೆರಾಂಬಿಸಿಡೆ’ ಎನ್ನುತ್ತಾರೆ. ಇದರಲ್ಲಿ 35,000ದಷ್ಟು ಬಗೆಗಳನ್ನು ಗುರುತಿಸಲಾಗಿದೆ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ‘ಟೈಟಾನಸ್’ ಎಂಬ ಬಗೆ 16 ಸೆಂಟಿಮೀಟರ್ ದಾಟುವುದುಂಟು. ಅಕ್ಕಿ ಕಾಳಿಗಿಂತ ಚಿಕ್ಕವರೂ ಇದೇ ಕುಟುಂಬದಲ್ಲಿದ್ದಾರೆ.

ನಮ್ಮ ಕಥಾನಾಯಕನ ವೈಜ್ಞಾನಿಕ ಹೆಸರು ‘ಎರ್ಗೇಟಿಸ್ ಫೇಬರ್’. ‘ಎರ್ಗೇಟಿಸ್’ ಗ್ರೀಕ್ ಪದ, ಕೆಲಸಗಾರ ಎಂದರ್ಥ. ‘ಫೇಬರ್’ ಲ್ಯಾಟಿನ್ ಪದ, ಕುಶಲಕರ್ಮಿ ಎಂದರ್ಥ. ಎರಡೂ ಸೇರಿದರೆ ‘ಕುಶಲ ಕೆಲಸಗಾರ’. ಕಾಯಕವನ್ನೇ ಹೆಸರಾಗಿ ಹೊತ್ತ ಹುಳುವಿದು! ಕನ್ನಡದಲ್ಲಿ ನಾವು ಸಲೀಸಾಗಿ ‘ಪೈನ್ ಬಡಗಿ’ ಎನ್ನಬಹುದು.

ಇವನ ನಾಡು ಸ್ಪೇನ್, ಫ್ರಾನ್ಸ್, ಇಟಲಿಗಳಿಂದ ಹಿಡಿದು ತುರ್ಕಿಯವರೆಗೆ ಹಬ್ಬಿದೆ. ಮೆಡಿಟರೇನಿಯನ್ ಸಮುದ್ರದ ಆಚೆ ದಂಡೆಯ ಉತ್ತರ ಆಫ್ರಿಕದಲ್ಲಿಯೂ ಇದ್ದಾನೆ. ಬಣ್ಣ ಕೆಂಪು ಮಿಶ್ರಿತ ಕಂದಿನಿಂದ ಕಪ್ಪುಗಂದಿನವರೆಗೆ, ಹಳೆಯ ತೇಗದ ಪೆಟ್ಟಿಗೆಯ ಬಣ್ಣ ಎನ್ನಿ. ಗಾತ್ರ ಎರಡೂವರೆಯಿಂದ ಆರು ಸೆಂಟಿಮೀಟರ್. ಗಂಡಿನ ಮೀಸೆ ಮೈಯಷ್ಟು ಉದ್ದ, ಹೆಣ್ಣಿನದು ಬೆನ್ನಿನ ಅರ್ಧದವರೆಗೆ. ನೋಡಿದರೆ ಕತ್ತಿ ಹಿಡಿದ ಸೇನಾಪತಿಯಂತೆ ಕಂಡರೂ ಇವನು ಮನುಷ್ಯನ ಸುದ್ದಿಗೆ ಬರುವವನಲ್ಲ. ಕೈಯಲ್ಲಿ ಹಿಡಿದು ಕೀಟಲೆ ಮಾಡಿದರೆ ಮಾತ್ರ ದವಡೆಯ ಬಲ ತೋರಿಸಿಯಾನು.

ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಇವನ ಸೋದರ ಸಂಬಂಧಿ ‘ಎರ್ಗೇಟಿಸ್ ಸ್ಪಿಕ್ಯುಲೇಟಸ್’ ಇದ್ದಾನೆ. ಕೆನಡಾದ ಬ್ರಿಟಿಷ್ ಕೊಲಂಬಿಯದಿಂದ ಮೆಕ್ಸಿಕೋವರೆಗೆ ಪಾಂಡೆರೋಸಾ ಪೈನ್ ಮತ್ತು ಡಗ್ಲಸ್ ಫರ್ ಮರಗಳ ಸತ್ತ ಬೊಡ್ಡೆಗಳು ಅವನ ಮನೆ. ಗಾತ್ರ, ಗುಣ ಎರಡರಲ್ಲೂ ಅಣ್ಣ ತಮ್ಮಂದಿರು ಒಂದೇ ಅಚ್ಚು.

ಕತ್ತಲೆಯಲ್ಲಿ ಕಳೆವ ಬಾಳು

ಬೇಸಗೆಯ ರಾತ್ರಿ, ಜುಲೈ–ಆಗಸ್ಟ್ ತಿಂಗಳು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ದುಂಬಿಗಳು ಮರದ ಬಿರುಕುಗಳಿಂದ ಹೊರಬಂದು ಹಾರಾಡತೊಡಗುತ್ತವೆ. ಮನೆಯ ದೀಪಕ್ಕೆ ಬಂದು ಗೋಡೆಗೆ ಬಡಿದು ಧೊಪ್ಪೆಂದು ಬೀಳುವುದೂ ಉಂಟು. ಕತ್ತಲಲ್ಲಿ ಕಣ್ಣಿಗಿಂತ ಹೆಚ್ಚು ಕೆಲಸ ಮಾಡುವುದು ಕುಡಿಮೀಸೆ. ಅದೇ ಇವರ ಮೂಗು. ಸತ್ತ ಮರದ ವಾಸನೆ, ಜೊತೆಗಾರರ ವಾಸನೆ ಎರಡನ್ನೂ ಗಾಳಿಯಲ್ಲಿ ಹುಡುಕುವುದು ಅದರಿಂದಲೇ.

ಹೆಣ್ಣು ದುಂಬಿ ಮೊಟ್ಟೆಯಿಡಲು ಆರಿಸಿಕೊಳ್ಳುವುದು ಸತ್ತ ಪೈನ್ ಮರದ ಬುಡ, ಕಡಿದು ಉಳಿದ ಬೊಡ್ಡೆ ಅಥವಾ ಬಿದ್ದ ದಿಮ್ಮಿ. ಹಸಿರಾಗಿ ನಿಂತ ಆರೋಗ್ಯವಂತ ಮರ ಅವಳಿಗೆ ಬೇಡ. ಅದರಲ್ಲಿ ಅಂಟು ರಾಳ ಹರಿಯುತ್ತಿರುತ್ತದೆ. ತೊಗಟೆ ಕೊರೆದವನನ್ನು ಆ ರಾಳ ಮುಳುಗಿಸಿಬಿಡುತ್ತದೆ. ಸತ್ತು ಒಂದೆರಡು ವರ್ಷವಾಗಿ, ರಾಳದ ಹರಿವು ನಿಂತು, ಶಿಲೀಂಧ್ರಗಳು ಮರವನ್ನು ಸ್ವಲ್ಪ ಮೆತ್ತಗೆ ಮಾಡಿದ ಮೇಲೆ ಇವರ ಸರದಿ.

ಮೊಟ್ಟೆಯೊಡೆದು ಬಂದ ಮರಿಹುಳು ಕೆನೆಬಣ್ಣದ್ದು. ಕಾಲುಗಳು ಇದ್ದೂ ಇಲ್ಲದಂತೆ, ಕಣ್ಣಿಂದ ಕೆಲಸವಿಲ್ಲ, ತಲೆಯ ತುದಿಯಲ್ಲಿ ಮಾತ್ರ ಕಪ್ಪಗೆ ಗಟ್ಟಿಯಾದ ದವಡೆ. ಅಲ್ಲಿಂದ ಅದರ ದಿನಚರಿ ಒಂದೇ. ಮುಂದಿನ ಮರವನ್ನು ಕೊರೆ, ನುಂಗು, ಹುಡಿಯನ್ನು ಹಿಂದಕ್ಕೆ ತಳ್ಳು, ಒಂದಿಷ್ಟು ಮುಂದೆ ಸರಿ. ಹೀಗೆ ಮೂರು ವರ್ಷವೋ ಇನ್ನೂ ಹೆಚ್ಚೋ! ಅಷ್ಟು ಕಾಲ ಏಕೆ ಬೇಕು? ಮರದಲ್ಲಿ ಊಟ ಬೇಕಾದಷ್ಟಿದ್ದರೂ ಸತ್ವ ಕಡಿಮೆ. ಮರದ ಮುಖ್ಯ ವಸ್ತು ಸೆಲ್ಯುಲೋಸ್. ಅದನ್ನು ಅರಗಿಸಿಕೊಳ್ಳುವುದೇ ಕಷ್ಟ. ಮೈ ಬೆಳೆಯಲು ಬೇಕಾದ ಸಾರಜನಕವಂತೂ ಮರದಲ್ಲಿ ಅತ್ಯಲ್ಪ. ದಿನವೂ ಬರೀ ಗಂಜಿ ಕುಡಿದು ಪೈಲ್ವಾನನಾಗಲು ಹೊರಟವನಿಗೆ ಎಷ್ಟು ವರ್ಷ ಬೇಕು, ಯೋಚಿಸಿ ನೋಡಿ.

ಕೊನೆಗೆ ನಮ್ಮ ಬೆರಳಿನಷ್ಟು ದಪ್ಪ, ಬೆರಳಿನಷ್ಟು ಉದ್ದ ಬೆಳೆದ ಮರಿಹುಳು ಮರದ ಮೇಲ್ಮೈ ಹತ್ತಿರ ಒಂದು ಕೋಣೆ ಕೊರೆದುಕೊಂಡು ಕೋಶಾವಸ್ಥೆಗೆ ಹೋಗುತ್ತದೆ. ಅಲ್ಲಿಂದ ದುಂಬಿಯಾಗಿ ಹೊರಬಂದ ಮೇಲೆ ಉಳಿದಿರುವುದು ಕೆಲವು ವಾರಗಳ ಆಯುಷ್ಯ. ಆ ವಾರಗಳಲ್ಲಿ ಊಟದ ಗೊಡವೆ ಇಲ್ಲವೆಂದೇ ಹೇಳಬೇಕು. ವರ್ಷಗಟ್ಟಲೆ ತಿಂದು ಕೂಡಿಟ್ಟ ಕೊಬ್ಬನ್ನು ಖರ್ಚು ಮಾಡುತ್ತ ಸಂಗಾತಿಯನ್ನು ಹುಡುಕುವುದು, ಮೊಟ್ಟೆಯಿಡುವುದು, ಮಡಿಯುವುದು. ಹಾಗಾಗಿ ನಾವು ‘ದುಂಬಿ’ ಎಂದು ಕರೆಯುವ ರೂಪ ಇವನ ಬಾಳಿನ ಕೊನೆಯ ಪುಟ ಮಾತ್ರ. ಪುಸ್ತಕದ ಉಳಿದ ಪುಟಗಳೆಲ್ಲ ಮರದೊಳಗೆ.

ಫಾಬ್ರ್ ಅಜ್ಜನ ಔತಣ

ಕೀಟಗಳ ಬಗ್ಗೆ ಬರೆಯುವಾಗ ಫ್ರಾನ್ಸಿನ ಜ್ಯಾಂ ಹೆನ್ರಿ ಫಾಬ್ರ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1823ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿ, ಶಾಲಾ ಮಾಸ್ತರರಾಗಿ ದುಡಿದು, 1879ರಲ್ಲಿ ಸೆರಿಞಾನ್ ಎಂಬ ಹಳ್ಳಿಯಲ್ಲಿ ಕಲ್ಲುಮುಳ್ಳಿನ ಒಂದು ತುಂಡು ಜಮೀನು ಕೊಂಡು, 1915ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಕೀಟಗಳನ್ನು ಗಮನಿಸುತ್ತ ಬಾಳಿದ ಮಹನೀಯರು ಅವರು. ಕೀಟಗಳ ಕುರಿತ ಅವರ ನೆನಪುಗಳು ಹತ್ತು ಸಂಪುಟಗಳಾಗಿ ಪ್ರಕಟವಾದವು.

ಅವರಿಗೆ ಒಮ್ಮೆ ಒಂದು ಕುತೂಹಲ ಹುಟ್ಟಿತು. ಪ್ರಾಚೀನ ರೋಮಿನ ಲೇಖಕ ಪ್ಲಿನಿ, ತನ್ನ ಕಾಲದ ಸಿರಿವಂತರು ‘ಕೋಸಸ್’ ಎಂಬ ಮರದ ಹುಳುವನ್ನು ಹಿಟ್ಟು ತಿನ್ನಿಸಿ ಕೊಬ್ಬಿಸಿ ಭಕ್ಷ್ಯವಾಗಿ ಸವಿಯುತ್ತಿದ್ದರೆಂದು ಬರೆದಿದ್ದ. ಅದು ಯಾವ ಹುಳು? ರುಚಿ ಹೇಗಿತ್ತು? ಪುಸ್ತಕ ಹುಡುಕಿದರೆ ಉತ್ತರ ಸಿಗದು. ಫಾಬ್ರ್ ಹಳೆಯ ಪೈನ್ ಬೊಡ್ಡೆಯೊಂದನ್ನು ಸೀಳಿ ನಮ್ಮ ಬಡಗಿಯ ಮರಿಹುಳುಗಳನ್ನು ಆರಿಸಿದರು. ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಮುನ್ನಾದಿನದ ಹಬ್ಬದಂದು ಅವನ್ನು ಉಪ್ಪು ಹಚ್ಚಿ ಕೆಂಡದ ಮೇಲೆ ಸುಟ್ಟು, ಮನೆಮಂದಿಗೂ ಇಬ್ಬರು ಗೆಳೆಯರಿಗೂ ಬಡಿಸಿ ತಾವೂ ತಿಂದರು! ಹುರಿದ ಬಾದಾಮಿಯ ರುಚಿ, ಜೊತೆಗೆ ತುಸು ವೆನಿಲಾದ ಪರಿಮಳ, ಆದರೆ ಚರ್ಮ ಮಾತ್ರ ಚಕ್ಕಳದಂತೆ ಗಟ್ಟಿ ಎಂಬುದು ಅವರ ತೀರ್ಪು.

ನಿಮಗೆ ವಾಕರಿಕೆ ಬಂದಿರಬಹುದು. ಇದನ್ನು ಇಲ್ಲಿ ಹೇಳಿದ್ದು ಅವರ ಧೈರ್ಯಕ್ಕಾಗಿ. ಓದಿದ್ದನ್ನು ನಂಬಿ ಕೂರುವ ಬದಲು ತಾನೇ ಪರೀಕ್ಷಿಸಿ ನೋಡಬೇಕೆಂಬ ಹಟ ವಿಜ್ಞಾನದ ಮೊದಲ ಪಾಠ. ಇದೇ ಹಟದಿಂದ ಅವರು ಓಕ್ ಮರದಲ್ಲಿ ಬೆಳೆಯುವ ಇನ್ನೊಂದು ಉದ್ದಮೀಸೆಯ ದುಂಬಿಯನ್ನೂ ಪರೀಕ್ಷಿಸಿದರು. ಆ ದೊಡ್ಡ ದುಂಬಿಯನ್ನು ಓಕ್ ಮರದ ತುಂಡಿನೊಳಗೆ ಮುಚ್ಚಿಟ್ಟರೆ ಅದಕ್ಕೆ ಕೊರೆದುಕೊಂಡು ಹೊರಬರಲು ಆಗಲೇ ಇಲ್ಲ! ಹಾಗಾದರೆ ಕಾಡಿನಲ್ಲಿ ಅದು ಹೊರಬರುವುದು ಹೇಗೆ? ಮರಿಹುಳುವಾಗಿದ್ದಾಗಲೇ ಅದು ಮರದ ಹೊರಮೈವರೆಗೆ ದಾರಿ ಕೊರೆದಿಟ್ಟು, ಒಳಗೆ ಸ್ವಲ್ಪ ಹಿಂದೆ ಸರಿದು, ತಲೆಯನ್ನು ಬಾಗಿಲ ಕಡೆಗಿಟ್ಟು ಮಲಗುತ್ತದೆ. ತಾನು ಎಂದೂ ಕಾಣದ ಮುಂದಿನ ರೂಪಕ್ಕೆ ಮರಿಹುಳು ದಾರಿ ಮಾಡಿಡುತ್ತದೆ. ಮಕ್ಕಳ ನಾಳೆಗಾಗಿ ಊರು ಬಿಟ್ಟು ಬಂದು, ಚಾಳಿನ ಒಂದು ಕೋಣೆಯಲ್ಲಿ ದಿನ ಕಳೆದ ಹಿರಿಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಳು ಕಲಿಸಿದ ಗರಗಸ

ಈಗ ಅಮೆರಿಕದ ಸೋದರನ ಕಥೆಗೆ ಬರೋಣ. ಒರೆಗಾನ್ ರಾಜ್ಯದ ಕಾಡುಗಳಲ್ಲಿ ಜೋಸೆಫ್ ಬುಫೋರ್ಡ್ ಕಾಕ್ಸ್ ಎಂಬವರು ಮರ ಕಡಿಯುವ ಕೆಲಸ ಮಾಡುತ್ತಿದ್ದರು. ಯಂತ್ರದ ಸರಪಳಿ ಗರಗಸ ಆಗಲೇ ಬಂದಿತ್ತು. ಆದರೆ ಅದರ ಸರಪಳಿಯ ಹಲ್ಲುಗಳು ಕೈಗರಗಸದ ಹಲ್ಲಿನ ಮಾದರಿಯವು. ಮರವನ್ನು ಕೊಯ್ಯುವುದಕ್ಕಿಂತ ಕೆರೆಯುತ್ತಿದ್ದುದೇ ಹೆಚ್ಚು. ಬೇಗ ಮೊಂಡಾಗುತ್ತಿದ್ದ ಹಲ್ಲುಗಳನ್ನು ಅರದಿಂದ ಉಜ್ಜುವುದರಲ್ಲೇ ಕೆಲಸಗಾರರ ಹೊತ್ತು ಕಳೆಯುತ್ತಿತ್ತು.

1946ರ ಶರತ್ಕಾಲದ ಒಂದು ದಿನ ಕಾಕ್ಸ್ ಅವರ ಕಣ್ಣು ಮರದ ಬೊಡ್ಡೆಯೊಂದರಲ್ಲಿ ಕೊರೆಯುತ್ತಿದ್ದ ದಪ್ಪ ಮರಿಹುಳುವಿನ ಮೇಲೆ ಬಿತ್ತು. ಅದು ಎರ್ಗೇಟಿಸ್ ಸ್ಪಿಕ್ಯುಲೇಟಸ್ ಎಂದು ಬಲ್ಲವರು ಗುರುತಿಸುತ್ತಾರೆ. ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಅದು ಒಂದೇ ಸಲೀಸಿನಿಂದ ಮುನ್ನುಗ್ಗುತ್ತಿತ್ತು. ಹೇಗೆ? ಅದರ ದವಡೆಗಳು ಒಳಕ್ಕೆ ಬಾಗಿದ ‘ಸಿ’ ಅಕ್ಷರದ ಆಕಾರದವು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೆರೆಯುತ್ತ ಮರವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತಿದ್ದವು. ನಮ್ಮ ಬಡಗಿಗಳು ಕೀಸುಳಿಯಿಂದ ಹೊಟ್ಟು ಎಬ್ಬಿಸುವುದನ್ನು ನೋಡಿದವರಿಗೆ ಈ ವಿದ್ಯೆ ಕೂಡಲೇ ಅರ್ಥವಾಗುತ್ತದೆ.

ಕಾಕ್ಸ್ ಅದೇ ಮಾದರಿಯಲ್ಲಿ ಉಕ್ಕಿನ ಹಲ್ಲು ಮಾಡಿದರು. ಎಡಕ್ಕೊಂದು, ಬಲಕ್ಕೊಂದು, ಹೀಗೆ ಸರಪಳಿಯ ಉದ್ದಕ್ಕೂ ಬಾಗಿದ ಹಲ್ಲುಗಳನ್ನು ಜೋಡಿಸಿದರು. 1947ರಲ್ಲಿ ಪೋರ್ಟ್‌ಲೆಂಡ್ ನಗರದ ತಮ್ಮ ಮನೆಯ ನೆಲಮಾಳಿಗೆಯಲ್ಲಿ ‘ಕಾಕ್ಸ್ ಚಿಪ್ಪರ್ ಚೈನ್’ ತಯಾರಾಗತೊಡಗಿತು. ಅದೇ ಮುಂದೆ ದೊಡ್ಡ ಕಾರ್ಖಾನೆಯಾಯಿತು. ಇಂದು ಮಳೆಗಾಲದಲ್ಲಿ ಮುಂಬಯಿಯ ರಸ್ತೆಗೆ ಮರ ಬಿದ್ದಾಗ ಅಗ್ನಿಶಾಮಕ ದಳದವರು ‘ಗರ್ರ್’ ಎಂದು ತಿರುಗಿಸುವ ಗರಗಸದ ಸರಪಳಿಯನ್ನು ಹತ್ತಿರದಿಂದ, ಅದು ನಿಂತಾಗ ಮಾತ್ರ, ನೋಡಿ. ಆ ಬಾಗಿದ ಹಲ್ಲುಗಳ ವಂಶಮೂಲ ಪೈನ್ ಕಾಡಿನ ಹುಳುವೊಂದರ ಬಾಯಿ!

ಕೊಡಲಿ ಕಾವು ಕುಲಕ್ಕೆ ಮೃತ್ಯು

ಕನ್ನಡದಲ್ಲಿ ಒಂದು ಗಾದೆಯಿದೆ: ಕೊಡಲಿ ಕಾವು ಕುಲಕ್ಕೆ ಮೃತ್ಯು. ಮರದಿಂದ ಮಾಡಿದ ಹಿಡಿಯೇ ಕೊಡಲಿಗೆ ಸೇರಿ ಮರಗಳ ಕುಲವನ್ನು ಕಡಿಯುತ್ತದೆ ಎಂಬ ಅರ್ಥ. ಹುಳುವಿನಿಂದ ಕಲಿತ ಗರಗಸ ಹುಳುವಿನ ಮನೆಯನ್ನೇ ಕೆಡವಿತೆ?

ಪ್ರಶ್ನೆಗೆ ಸರಳ ಉತ್ತರವಿಲ್ಲ. ಮರ ಕಡಿದ ಮೇಲೆ ಬೊಡ್ಡೆ ನೆಲದಲ್ಲಿ ಉಳಿದರೆ ನಮ್ಮ ಬಡಗಿಗೆ ಸಂತೋಷವೇ. ದಕ್ಷಿಣ ಫ್ರಾನ್ಸ್, ಸ್ಪೇನ್‌ಗಳಂಥ ಬಿಸಿಲಿನ ನಾಡುಗಳಲ್ಲಿ ಅವನು ಇಂದಿಗೂ ಸಾಮಾನ್ಯ. ಆದರೆ ಜರ್ಮನಿ, ಪೋಲೆಂಡ್‌ಗಳಂಥ ಮಧ್ಯ ಯೂರೋಪಿನ ದೇಶಗಳಲ್ಲಿ ಅವನು ಅಪರೂಪದವರ ಸಾಲಿಗೆ ಸೇರಿದ್ದಾನೆ. ಅಲ್ಲಿ ಬಹುಕಾಲ ‘ಕಾಡನ್ನು ಚೊಕ್ಕಟವಾಗಿಡಬೇಕು’ ಎಂಬುದೇ ಅರಣ್ಯಶಾಸ್ತ್ರದ ನಿಯಮವಾಗಿತ್ತು. ಮರ ಮುದಿಯಾಗುವ ಮೊದಲೇ ಕಡಿ, ಒಣಗಿದ್ದನ್ನು ಸಾಗಿಸು, ಬಿದ್ದದ್ದನ್ನು ಎತ್ತು, ಬೊಡ್ಡೆಯನ್ನೂ ಕಿತ್ತು ತೆಗೆ. ಕಾಡು ಅಂಗಳದಂತೆ ಸ್ವಚ್ಛವಾಯಿತು. ಸತ್ತ ಮರವನ್ನು ನಂಬಿದವರು ಬೀದಿಪಾಲಾದರು.

ಈ ಬಾಧೆ ಒಬ್ಬ ಬಡಗಿಯದಲ್ಲ. ಸತ್ತ ಮತ್ತು ಕೊಳೆಯುವ ಮರವನ್ನು ಅವಲಂಬಿಸಿದ ಯೂರೋಪಿನ ಸುಮಾರು 700 ಬಗೆಯ ದುಂಬಿಗಳ ಸ್ಥಿತಿಯನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಪರಿಶೀಲಿಸಿ 2018ರಲ್ಲಿ ವರದಿ ಪ್ರಕಟಿಸಿತು. ಅವುಗಳಲ್ಲಿ ಶೇಕಡಾ 18ರಷ್ಟು ಅಳಿವಿನ ಅಂಚಿನತ್ತ ಸಾಗುತ್ತಿವೆ ಎಂದು ಅದು ಎಚ್ಚರಿಸಿತು. ಮುಖ್ಯ ಕಾರಣ ಹಳೆಯ ಮರಗಳ ನಾಶ.

ಹುಳು ಹೋದರೆ ಹೋಗಲಿ ಎನ್ನುವ ಹಾಗಿಲ್ಲ. ಈ ಕೊರೆಯುವವರು ಮಾಡಿದ ಸುರಂಗಗಳಲ್ಲಿ ನೀರು, ಗಾಳಿ, ಶಿಲೀಂಧ್ರಗಳು ಒಳನುಗ್ಗುತ್ತವೆ. ನೂರು ವರ್ಷ ಬೆಳೆದ ಮರದಲ್ಲಿ ಕೂಡಿದ ಸತ್ವ ಹೀಗೆ ತುಂಡು ತುಂಡಾಗಿ ಮಣ್ಣಿಗೆ ಮರಳುತ್ತದೆ. ಅದೇ ಮಣ್ಣಿನಲ್ಲಿ ಮುಂದಿನ ಸಸಿ ಬೇರೂರುತ್ತದೆ. ಮರಕುಟಿಗನಿಗೆ ಊಟ ಈ ಹುಳು. ಕರಡಿ ದಿಮ್ಮಿ ಬಗೆಯುವುದೂ ಇಂಥ ಹುಳುಗಳಿಗಾಗಿಯೇ. ಖಾಲಿ ಸುರಂಗಗಳಲ್ಲಿ ಒಂಟಿ ಜೇನ್ನೊಣಗಳು ಸಂಸಾರ ಹೂಡುತ್ತವೆ. ಒಂದು ಬೊಡ್ಡೆ ಎಂದರೆ ಒಂದು ವಠಾರ.

ಹಾಗೆಂದು ಬಡಗಿ ಸಂತನೇನೂ ಅಲ್ಲ. ನೆಲದಲ್ಲಿ ಹೂತ ಪೈನ್ ಕಂಬಗಳು ಅವನಿಗೆ ಬೊಡ್ಡೆಗಳಂತೆಯೇ ಕಾಣುತ್ತವೆ. ತಂತಿ ಹೊತ್ತ ಕಂಬಗಳ ಬುಡವನ್ನು ಟೊಳ್ಳು ಮಾಡಿ ಇಲಾಖೆಗಳಿಗೆ ತಲೆನೋವು ತಂದದ್ದೂ ಉಂಟು. ಅದಕ್ಕೇ ಕಂಬಗಳಿಗೆ ಔಷಧ ಹಾಯಿಸಿ ನೆಡುತ್ತಾರೆ.

ನಮ್ಮ ಕಡೆಯ ನೆಂಟರು

“ಇದೆಲ್ಲ ಪರದೇಶದ ಮಾತಾಯಿತು, ನಮ್ಮ ಕಡೆ ಏನಿದೆ?” ಎಂದು ನೀವು ಕೇಳಬಹುದು. ಭಾರತದಲ್ಲಿ ಪೈನ್ ಮರ ತಾನಾಗಿ ಬೆಳೆಯುವುದು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ದೆಹಲಿಯ ಮಿತ್ರರು ಶಿಮ್ಲಾ, ನೈನಿತಾಲ್ ದಾರಿಯಲ್ಲಿ ನೋಡುವ ಚೀಡ್ ಮರ ಅದೇ. ಚೆನ್ನೈನವರು ಕೊಡೈಕನಾಲ್, ಊಟಿಗಳಲ್ಲಿ ಫೋಟೋ ತೆಗೆಸಿಕೊಳ್ಳುವ ಪೈನ್ ತೋಪುಗಳು ಮನುಷ್ಯರು ನೆಟ್ಟವು. ಕರ್ನಾಟಕಕ್ಕೆ ಸ್ವಂತ ಪೈನ್ ಇಲ್ಲ, ಪೈನ್ ಬಡಗಿಯೂ ಇಲ್ಲ. ಆದರೆ ಅವನ ಉದ್ದಮೀಸೆಯ ನೆಂಟರು ಧಾರಾಳವಾಗಿದ್ದಾರೆ. ಅವರಲ್ಲಿ ಕೆಲವರು ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವವರೇ!

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟದ ಮನೆಗಳಲ್ಲಿ ‘ಬಿಳಿ ಕಾಂಡಕೊರಕ’ ಎಂದು ಹೇಳಿ ನೋಡಿ. ಮಾತಾಡುತ್ತಿದ್ದವರ ಮುಖ ಬಾಡುತ್ತದೆ. ಎರಡು ಸೆಂಟಿಮೀಟರಿಗೂ ಚಿಕ್ಕದಾದ ಈ ದುಂಬಿ ಹಗಲಲ್ಲಿ, ಬಿಸಿಲಿನಲ್ಲಿ ಹಾರಾಡುತ್ತದೆ. ಜೀವಂತ ಅರೇಬಿಕಾ ಗಿಡದ ಕಾಂಡದಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಗೆ ಕೊರೆದಂತೆ ಎಲೆ ಹಳದಿಯಾಗಿ ಗಿಡ ಸೊರಗುತ್ತದೆ. ಹುಳು ಹಿಡಿದ ಗಿಡವನ್ನು ಕಿತ್ತು ಸುಡದೆ ಬೇರೆ ದಾರಿಯಿಲ್ಲ. ತಾನೇ ನೆಟ್ಟು ವರ್ಷಗಟ್ಟಲೆ ಸಾಕಿದ ಗಿಡವನ್ನು ಬೆಂಕಿಗೆ ಹಾಕುವ ಬೆಳೆಗಾರನ ಸಂಕಟ ಲೆಕ್ಕದ ಪುಸ್ತಕದಲ್ಲಿ ಬರುವಂಥದಲ್ಲ. ನೆರಳಿನ ಮರಗಳನ್ನು ಕಡಿದು ಬಿಸಿಲು ಬಿಟ್ಟ ತೋಟಗಳಲ್ಲಿ ಈ ಕಾಟ ಹೆಚ್ಚು ಎಂಬುದನ್ನು ಗಮನಿಸಿ.

ರಾತ್ರಿ ಹಾರುವ ನೆಂಟನನ್ನು ನೋಡಬೇಕೆ? ಮಾವಿನ ಕಾಂಡಕೊರಕವಿದೆ. ಎರಡು ಅಂಗುಲದ ಬೂದು ಬಣ್ಣದ ದುಂಬಿ, ಕತ್ತಿನ ಹಿಂದೆ ಎರಡು ಕೆಂಪು ಕಿತ್ತಳೆ ಮಚ್ಚೆ. ಮಾವು, ಹಲಸು, ಅತ್ತಿ, ಬೂರುಗದ ಮರಗಳಲ್ಲಿ ಬೆಳೆದು, ಮಳೆಗಾಲದ ರಾತ್ರಿ ದೀಪಕ್ಕೆ ಬರುತ್ತದೆ.

ಇನ್ನು ಮಧ್ಯಪ್ರದೇಶದಲ್ಲಿ 1997–98ರಲ್ಲಿ ನಡೆದದ್ದನ್ನು ಅರಣ್ಯ ಇಲಾಖೆಯ ಹಿರಿಯರು ಮರೆತಿಲ್ಲ. ಸಾಲ್ ಮರವನ್ನು ಕೊರೆಯುವ ಉದ್ದಮೀಸೆಯ ದುಂಬಿ ಅಲ್ಲಿ ಮಿತಿಮೀರಿ ಹೆಚ್ಚಿ, ಲಕ್ಷಗಟ್ಟಲೆ ಮರಗಳನ್ನು ಕಡಿಯಬೇಕಾಯಿತು. ಎಷ್ಟು ಕಡಿಯಬೇಕಿತ್ತು, ಎಷ್ಟು ಅತಿಯಾಯಿತು ಎಂದು ಆಗ ದೊಡ್ಡ ವಿವಾದವೇ ಎದ್ದಿತು. ಆ ಹುಳುವನ್ನು ಹಿಡಿಯುವ ಹಳೆಯ ಉಪಾಯ ಸ್ವಾರಸ್ಯಕರ. ಸಾಲ್ ದಿಮ್ಮಿಯನ್ನು ಕಡಿದು ಜಜ್ಜಿ ಇಟ್ಟರೆ ಅದರ ರಸದ ವಾಸನೆಗೆ ದುಂಬಿಗಳು ಮುತ್ತುತ್ತವೆ. ಆಗ ಜನ ಕೈಯಿಂದಲೇ ಹಿಡಿದು ಕೊಲ್ಲುತ್ತಾರೆ.

ಈಗ ಎಲ್ಲರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ. ಮೀಸೆ ಒಂದೇ, ದವಡೆ ಒಂದೇ, ಕೊರೆಯುವ ಕಾಯಕವೂ ಒಂದೇ. ಒಬ್ಬ ಜೀವಂತ ಗಿಡಕ್ಕೆ ಕೈಹಾಕುತ್ತಾನೆ, ಇನ್ನೊಬ್ಬ ಸತ್ತದ್ದನ್ನು ಮಣ್ಣಿಗೆ ಸೇರಿಸುತ್ತಾನೆ. ಇವರನ್ನು ಬೇರೆಬೇರೆಯಾಗಿ ಗುರುತಿಸಲು ಕಲಿಯದೆ ‘ಹುಳು’ ಎಂಬ ಒಂದೇ ಹೆಸರಿನಲ್ಲಿ ಎಲ್ಲರಿಗೂ ಒಂದೇ ಶಿಕ್ಷೆ ಕೊಟ್ಟರೆ ಅದು ನ್ಯಾಯವಲ್ಲ, ನಮಗೆ ಲಾಭವೂ ಅಲ್ಲ.

ನೀವು ಮಾಡಬಹುದಾದದ್ದು

ಯುವ ಮಿತ್ರರೇ, ಇದಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ಮುಂಬಯಿಯವರಿಗೆ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ, ಪುಣೆಯವರಿಗೆ ಬೆಟ್ಟಗಳಿವೆ, ದೆಹಲಿಯವರಿಗೆ ರಿಡ್ಜ್ ಇದೆ. ನಿಮ್ಮ ಹೌಸಿಂಗ್ ಸೊಸೈಟಿಯ ಆವರಣದಲ್ಲೇ ಒಂದು ಮುದಿ ಮರ ಇರಬಹುದು. ಸತ್ತ ಮರ ಕಂಡರೆ ನಿಂತು ನೋಡಿ. ಯಾವ ಗಾತ್ರದ ತೂತುಗಳಿವೆ? ದುಂಡಗಿವೆಯೋ, ಮೊಟ್ಟೆಯಾಕಾರವೋ? ಕೆಳಗೆ ಬಿದ್ದದ್ದು ನುಣುಪು ಹುಡಿಯೋ, ನಾರುನಾರಾದ ಹೊಟ್ಟೋ? ಮಳೆಗಾಲದ ರಾತ್ರಿ ಮೆಟ್ಟಿಲ ದೀಪದ ಬಳಿ ಯಾರು ಬಂದಿದ್ದಾರೆ? ಒಂದು ವಹಿಯಲ್ಲಿ ದಿನಾಂಕ ಹಾಕಿ ಬರೆದಿಡಿ, ಚಿತ್ರ ಬಿಡಿಸಿ. ತೊಗಟೆ ಕೀಳಬೇಡಿ. ಬೊಡ್ಡೆ ಸೀಳುವ ಕೆಲಸ ಫಾಬ್ರ್ ಅಜ್ಜನಿಗೇ ಇರಲಿ.

ಸೊಸೈಟಿಯ ಸಭೆಯಲ್ಲಿ ಒಣಗಿದ ಮರದ ಮಾತು ಬಂದಾಗ, ಜನರ ತಲೆಯ ಮೇಲೆ ಬೀಳುವ ಭಯವಿದ್ದರೆ ಕಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೋಟದ ಮೂಲೆಯಲ್ಲಿ ಬುಡದ ಬೊಡ್ಡೆಯನ್ನಾದರೂ ಹಾಗೇ ಬಿಡಬಹುದಲ್ಲವೇ ಎಂದು ನೀವು ಕೇಳಬಹುದು. ಹಿರಿಯರು ನಗಬಹುದು. ಆಗ ಈ ಬಡಗಿಯ ಕಥೆ ಹೇಳಿ.

ಇನ್ನೊಂದು ಕೆಲಸವಿದೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಮರ ಕೊರೆಯುವ ಹುಳುಗಳಿಗೆ ಅವರ ಕಡೆ ಏನೇನು ಹೆಸರಿವೆ ಎಂದು ಅಜ್ಜ-ಅಜ್ಜಿಯರನ್ನು ಕೇಳಿ. ಕುಟ್ಟೆ, ಗೆದ್ದಲು, ಕಾಂಡಕೊರಕ — ಇವಿಷ್ಟು ನಮ್ಮ ಪಟ್ಟಿಯಲ್ಲಿವೆ. ಧಾರವಾಡದವರು ಒಂದು ಹೇಳಿಯಾರು, ಮಂಗಳೂರಿನವರು ಇನ್ನೊಂದು, ಮಡಿಕೇರಿಯವರು ಮತ್ತೊಂದು. ಮುದಿ ಮರಗಳ ಹಾಗೆ ಈ ಹೆಸರುಗಳೂ ದಿನೇ ದಿನೇ ಕಡಿಮೆಯಾಗುತ್ತಿವೆ. ಸಿಕ್ಕಿದ್ದನ್ನು ಬರೆದು ನಮ್ಮ ಸಂಘದ ಪತ್ರಿಕೆಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಅಚ್ಚು ಹಾಕೋಣ.